ಹೆಸರಿಲ್ಲದ ಪಟ್ಟಿಗೆ ಹೋದ ಹೋರಿ

ದೇವಣ್ಣಂಗೆ,

ಪುಣೆಯಿಂದ ಕರುಣಾ. ಬರೆಯೋ ತಾಳ್ಮೆ ಇಲ್ಲ. ಫೋನಿಗೆ ಹೇಳ್ತಿದೀನಿ, ಅದೇ ಬರ್ಕೊಳ್ತದೆ.

ನಮ್ಮ ಕಂಪನಿಯ ಓಡಿ ಹಾರೋ ಗೇಮಿನ ಮೂರನೇ ಭಾಗಕ್ಕೆ ಶತ್ರುಗಳನ್ನ ವಿಂಗಡಿಸಿ ಹೆಸರಿಡೋದು ನನ್ನ ಕೆಲಸ ಅಂದಿದ್ನಲ್ಲ. ನಡೆಯೋ ಗೂಳಿ, ಜಿಗಿಯೋ ಗೂಳಿ, ರೆಕ್ಕೆ ಗೂಳಿ ಆದ್ಮೇಲೆ, ಕೊರಳಿಗೆ ಕೊಬ್ಬರಿ ಸರ ಕಟ್ಕೊಂಡು ಓಡೋ ಹೋರಿಗೆ ನಿನ್ನ ಹೋರಿ ಹೆಸರೇ ಇಟ್ಟಿದ್ದೆ. ಅಂಜನಾಪುರದ ಸುಂಟರಗಾಳಿ ಅಂತ. ಹೀರೋ ಹಾರಿ ತಲೆ ತುಳಿದ್ರೆ ಯಾವ ಶತ್ರು ಆದ್ರೂ ಸಾಯ್ತದೆ ಅಂದಿದ್ದಕ್ಕೆ ನೀನು ಎಷ್ಟು ಬೈದೆ! "ಹೋರಿ ಹಬ್ಬದಾಗೆ ಇದರ ಕೊಬ್ಬರಿ ಒಬ್ಬನಿಗೂ ಕೀಳಾಕೆ ಆಗಿಲ್ಲ. ನಿನ್ನ ಗೇಮಲ್ಲಿ ತುಳಿಸಿ ಸಾಯಿಸ್ತೀಯೇನೇ?"

ಇವತ್ತು ಸಾಹೇಬ್ರ ಹತ್ರ ಜಗಳಾನೇ ಆಡಿದೆ. ನಮ್ಮೂರಾಗೆ ಹೋರೀನ ಯಾರೂ ಕೊಲ್ಲಲ್ಲ ಸರ್, ಓಡೋವಾಗ ಕೊರಳಿನ ಕೊಬ್ಬರಿ ಕೀಳ್ತಾರೆ ಅಷ್ಟೆ ಅಂದೆ.

"ಸಾಯದೇ ಇದ್ರೆ ಅದು ಶತ್ರು ಅಲ್ಲ, ಅಡೆತಡೆ. ಬಂಡೆ, ಮುಳ್ಳಿನ ಪಟ್ಟಿಗೆ ಹಾಕು" ಅಂದ್ರು.

ಆ ಪಟ್ಟೀಲಿ ಯಾವುದಕ್ಕೂ ಹೆಸರಿಲ್ಲ ಅಣ್ಣ, ಬರೀ ನಂಬರು. ಹೆಸರು ಬೇಕಂದ್ರೆ ಸಾಯ್ಬೇಕು, ಬದುಕ್ಬೇಕಂದ್ರೆ ಹೆಸರಿಲ್ಲ. ನಿನ್ನ ಕೇಳಿದ್ರೆ ಎರಡೂ ಬೇಕಂತೀಯ, ಅದ್ಕೇ ಕೇಳ್ಳಿಲ್ಲ. ಹೋರೀನ ಆ ಪಟ್ಟೀಲಿ ಹದಿನೇಳನೇ ನಂಬರಿಗೆ ಹಾಕ್ಬಿಟ್ಟೆ. ಅಳು ಬಂತು, ಸಿಟ್ಟೂ ಬಂತು.

ಗೇಮಲ್ಲಿ ನಮ್ಮ ಹೋರಿ ಹೆಸರು ಬರ್ತದೆ ಅಂತ ಊರ ತುಂಬ ಸಾರ್ಕೊಂಡು ಬಂದವ ನೀನು. ಬರಲ್ಲ ಅಂತನೂ ನೀನೇ ಹೇಳು. ಯಾರಾದ್ರೂ ನಗಾಡಿದ್ರೆ, ಹದಿನೇಳನೇ ನಂಬರನ್ನ ಕೆಡವಿ ತೋರಿಸ್ರೋ ಅನ್ನು.

ಬೈಯೋದಿದ್ರೆ ನಾಳೆ ಬೈ, ಇವತ್ತು ಆಗಲ್ಲ.

ನಿನ್ನ ತಂಗಿ,
ಕರುಣಾ