ಮಗಳು ಓದಿ ಹೇಳಿದ ಕಾಗದ

ಎಲಿಸೆಯೋ,

ಶಾಲೆಯಿಂದ ಬಂದ ಇಂಗ್ಲಿಷ್ ಕಾಗದವನ್ನು ಮಗಳಿಂದಲೇ ಓದಿಸಿಕೊಂಡು ಸುಮ್ಮನಾದೆಯಲ್ಲ, ತಂದೆಯಾದವನು ಮಾಡುವ ಕೆಲಸವೇ ಇದು?

"ನನ್ನ ಹೊಗಳಿ ಬರ್ದಿದಾರೆ, ಅಪ್ಪ" ಎಂದಳು ಮರಿಸೋಲ್. ನೀನು ಹೆಮ್ಮೆಯಿಂದ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನಿನ್ನೆ ನಾನು ಅದನ್ನು ಪಕ್ಕದ ಮನೆಯ ಡೆಲ್ಫಿನಾಳಿಂದ ಓದಿಸಿದೆ. ಹನ್ನೊಂದು ಮಂಗಳವಾರ ಮರಿಸೋಲ್ ತರಗತಿಗೆ ಹೋಗಿಲ್ಲವಂತೆ. ಇಂದು ಹತ್ತು ಗಂಟೆಗೆ ಮನೆಯವರು ಬಂದು ಮಾತನಾಡದಿದ್ದರೆ ನರ್ಸಿಂಗ್ ತರಬೇತಿಯ ಪಟ್ಟಿಯಿಂದ ಅವಳ ಹೆಸರು ತೆಗೆಯುತ್ತಾರೆ.

ಅವಳನ್ನು ಗದರಿಸಿ ಕೇಳಿದೆ. "ಅಪ್ಪನಿಗೆ ಹೇಳ್ಬೇಡ ಅಜ್ಜಿ. ನಾನು ಆಸ್ಪತ್ರೆಗೆ ಹೋಗ್ದಿದ್ರೆ ಅಮ್ಮನ ನೋವನ್ನ ಡಾಕ್ಟರಿಗೆ ಇಂಗ್ಲಿಷಲ್ಲಿ ಯಾರು ಹೇಳ್ತಾರೆ? ನೀನಾ?" ಎಂದು ನಕ್ಕಳು. ಊರಲ್ಲಿ, ನಮ್ಮ ಮಿಚೋಕಾನಿನಲ್ಲಿ, ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಮನೆಯ ಭಾರ ಹೊತ್ತು ಬೆಂಚು ಬಿಟ್ಟ ಹುಡುಗಿಯರಲ್ಲಿ ಒಬ್ಬಳೂ ಮರಳಿ ಬರಲಿಲ್ಲ.

ಕೇಳಿದರೆ ಆಸ್ಪತ್ರೆಯವರೇ ದುಭಾಷಿಯನ್ನು ಕೊಡುತ್ತಾರಂತೆ. ನಾವು ಒಮ್ಮೆಯೂ ಕೇಳಲಿಲ್ಲ! ಇಂದು ನಿನ್ನ ಹೆಂಡತಿ ಒತಿಲಿಯಾಳನ್ನು ಮಂಗಳವಾರದ ಚಿಕಿತ್ಸೆಗೆ ನಾನೇ ಕರೆದೊಯ್ಯುತ್ತಿದ್ದೇನೆ. ನಿನ್ನ ಮಗಳನ್ನು ಶಾಲೆಯ ಬಸ್ಸಿಗೆ ಹತ್ತಿಸಿದ್ದಾಯಿತು.

ಬೀನ್ಸು ಒಲೆಯ ಮೇಲಿದೆ, ಟೋರ್ಟಿಯಾ ರೊಟ್ಟಿ ಬಟ್ಟೆಯಲ್ಲಿ ಸುತ್ತಿದೆ. ಸೇಬಿನ ಗೋದಾಮಿನ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಕಣ್ಣು ಎಳೆಯುತ್ತದೆಂದು ಬಲ್ಲೆ. ಆದರೂ ಮಲಗಬೇಡ, ಮಗು. ಮಲಗಿದರೆ ನೀನು ಏಳುವವನಲ್ಲ. ಉಂಡು, ಅಂಗಿ ಬದಲಿಸಿ, ಹತ್ತಕ್ಕೆ ಮೊದಲೇ ಶಾಲೆ ಸೇರು. ಅಲ್ಲಿ ನಿನ್ನ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಮರಿಸೋಲ್ ಓಡಿಬಂದರೆ, ಅವಳನ್ನು ತರಗತಿಗೆ ಕಳುಹಿಸಿ, ಬೇರೆ ದುಭಾಷಿಯನ್ನು ಕೇಳು.