ಸೀಸೆಯಲ್ಲಿ ಬೆಳಗಿದ ಅತ್ತಿಗೆ

ಪ್ರೀತಿಯ ಅತ್ತಿಗೆ,

ಮೊದಲು ಒಳ್ಳೆಯ ಸುದ್ದಿ: ಬೆಳಕು ಸೂಸಲೆಂದು ನಾನು ಲ್ಯಾಬಿನಲ್ಲಿ ತಯಾರಿಸಿದ ಪುಡಿ ಕೊನೆಗೂ ಬೆಳಗಿತು! ತಿಂಗಳುಗಟ್ಟಲೆ ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ ನೇರಳೆ ದೀಪದಡಿ ಹಿಡಿದರೂ ಮಿಣುಕ್ ಎಂದಿರಲಿಲ್ಲ. ಈ ವಾರವೂ ಆಗದಿದ್ದರೆ ಊರಿಗೆ ಹೊರಡಬಹುದು ಎಂದು ಲ್ಯಾಬಿನ ಮೇಡಂ ಹೇಳಿಬಿಟ್ಟಿದ್ದರು. ನಿನ್ನೆ ಆ ದ್ರಾವಣಕ್ಕೆ ಹನಿಹನಿಯಾಗಿ ನೀರು ಬೆರೆಸಿದೆ. ಬಿಡಿಬಿಡಿಯಾಗಿ ಕುಣಿದಾಡಿಯೇ ಶಕ್ತಿಯೆಲ್ಲ ಕಳೆಯುತ್ತಿದ್ದ ಅಣುಗಳು ನೀರಿಗೆ ಹೆದರಿ ಒತ್ತೊತ್ತಾಗಿ ಗುಂಪುಗೂಡಿದವು. ಕುಣಿಯಲು ಜಾಗವಿಲ್ಲದೆ ಉಳಿದ ಆ ಶಕ್ತಿಯೇ ಸೀಸೆಯೊಳಗೆ ಹಸಿರು ಬೆಳಕಾಗಿ ಹೊತ್ತಿಕೊಂಡಿತು! ಇನ್ನಷ್ಟು ನೀರು ಹಾಕಿದರೆ ಹಳದಿ.

ಸದಾ ಗಂಟುಮುಖದ ಮೇಡಂ ಚಪ್ಪಾಳೆ ತಟ್ಟಿ, "ಮಾಡಿದವ್ರೇ ಹೆಸರಿಡ್ಬೇಕು. ಏನಿಡ್ತೀಯಮ್ಮ?" ಎಂದರು. ಅಣ್ಣ ಬೇಡವೆಂದು ಹಟ ಹಿಡಿದಾಗ ಅವನೊಡನೆ ಜಗಳವಾಡಿ ನನ್ನನ್ನು ಇಲ್ಲಿಗೆ ಕಳಿಸಿದವರು ನೀವು. ಸೀಸೆಗೆ "ಅತ್ತಿಗೆ" ಎಂದು ಚೀಟಿ ಅಂಟಿಸಿದೆ.

ಹಲ್ಲುನೋವು ವಾಸಿಯಾಗಿದೆ. ಕನ್ನಡಕ ಹಾಕಿಕೊಂಡೇ ಕೆಲಸ ಮಾಡುತ್ತೇನೆ, ಕಣ್ಣಿನ ಚಿಂತೆ ಬೇಡ.

ಇದನ್ನು ಬರೆಯುತ್ತಿರುವಾಗಲೇ ಮೇಡಂ ಒಳಗಿನಿಂದ ಕೂಗುತ್ತಿದ್ದಾರೆ: "ಅತ್ತಿಗೆ ಎಲ್ಲಿ? ಅತ್ತಿಗೇನ ಯಾರೂ ಅಲ್ಲಾಡಿಸ್ಬೇಡ್ರಪ್ಪ, ನಮ್ಮ ಲ್ಯಾಬಿನ ಮರ್ಯಾದೆ ಉಳಿಸಿದ್ದೇ ಅವ್ರು!"

ಮೇಡಂ ಹೇಳಿದ ಈ ಮಾತನ್ನು ಮಾತ್ರ ಅಣ್ಣನಿಗೆ ಗಟ್ಟಿಯಾಗಿ ಓದಿ ಹೇಳಿ. ಓಡುತ್ತಿದ್ದೇನೆ.

ನಿಮ್ಮ ನಾದಿನಿ