ಇವತ್ತು ದ್ವೀಪದಲ್ಲಿ ಹೇಗುಂಟು

ಕೋಪರಿ, ಠಾಣೆ ಪೂರ್ವ
ಭಾನುವಾರ, ೮ ಅಕ್ಟೋಬರ್ ೨೦೧೭

ಪ್ರೀತಿಯ ಮಗಾ ಯಶ್ವಂತಾ,

ನಿನ್ನ ಕೈ ಹೇಗಿದೆ? ಪ್ಲಾಸ್ಟರ್ ಬಿಚ್ಚಿದರೇ? ಬಿಚ್ಚಿದ ಮೇಲೆ ಸ್ವಲ್ಪ ದಿನ ಕೈ ನಿನ್ನದಲ್ಲ ಅನ್ನಿಸುತ್ತದೆ, ಹೆದರಬೇಡ, ಬಿಸಿನೀರಿನ ಶಾಖ ಕೊಡು. ಇಲ್ಲಿ ಇನ್ನೂ ಕರೆಂಟೇ ಬಂದಿಲ್ಲ, ಬಿಸಿನೀರು ಎಲ್ಲಿಂದ ಅನ್ನಬೇಡ, ಸ್ಟವ್ ಅಂತ ಒಂದು ಇರುತ್ತದಲ್ಲ ಮಾರಾಯ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಡಬ್ಬಿಯ ಮೀನು, ಬ್ರೆಡ್ಡು ಅಂತ ದಿನ ದೂಡಬೇಡ. ನಾನು ಇದ್ದ ಹಾಗೆಯೇ ಇದ್ದೇನೆ. ಮಂಡಿನೋವಿಗೆ ನನ್ನನ್ನು ಬಿಟ್ಟು ಹೋಗುವ ಮನಸ್ಸಿಲ್ಲ, ಎರಡು ಮಾಳಿಗೆ ಹತ್ತಿ ಇಳಿಯುವುದೂ ತಪ್ಪುವುದಿಲ್ಲ. ನಿನ್ನ ತಂಗಿ ರಮಿತಾ ಐರೋಳಿಯ ಆಫೀಸಿಗೆ ಹೋಗಿ ಬರುತ್ತಿದ್ದಾಳೆ. ನಾನು ಕನ್ನಡದಲ್ಲಿ ಬೈದರೆ ಅವಳಿಂದ ಮರಾಠಿಯಲ್ಲಿ ಉತ್ತರ ಬರುತ್ತದೆ, ಅದರಲ್ಲೇನೂ ಬದಲಾವಣೆಯಿಲ್ಲ. ನಿನ್ನ ಅಪ್ಪನ ಸಂಗತಿ ಮಾತ್ರ ಒಂದೇ ಮಾತಿನಲ್ಲಿ ಮುಗಿಯುವಂಥದ್ದಲ್ಲ. ಈ ಕಾಗದ ಬರೆಯಲು ಕೂತದ್ದೇ ಅದಕ್ಕೆ.

ಫೋನ್ ಇರುವಾಗ ಅಮ್ಮನಿಗೆ ಇದೆಂಥ ಕಾಗದದ ಹುಚ್ಚು ಅಂತ ನಿನಗೆ ಅನ್ನಿಸಬಹುದು. ನಮ್ಮ ಮನೆ ನಿನಗೆ ಗೊತ್ತು. ಒಂದು ಕೋಣೆ, ಅದರ ಬೆನ್ನಿಗೆ ಅಡುಗೆಮನೆ, ನಡುವೆ ಬಾಗಿಲಿಲ್ಲ. ಅಪ್ಪ ಇರುವಾಗ ಅಪ್ಪನ ಬಗ್ಗೆ ಮಾತಾಡುವ ಹಾಗಿಲ್ಲ, ಅವರು ಹೊರಗಿರುವ ಹೊತ್ತಿಗೆ ನಿನಗೆ ಅಲ್ಲಿ ನಡುರಾತ್ರಿ. ನಿನಗೆ ಕೆಲಸ ಕೊಟ್ಟ ಸೇಟ್‌ನ ಭಾವಮೈದ ಈ ವಾರ ಉಲ್ಲಾಸನಗರದಿಂದ ಅಲ್ಲಿಗೆ ಹೊರಟಿದ್ದಾನಂತೆ. ರಮಿತಾ ನಾಳೆ ವಿಠ್ಠಲವಾಡಿಗೆ ಹೋಗಿ ಇದನ್ನು ಅವನ ಕೈಗೆ ಕೊಡುತ್ತಾಳೆ. ಏಳನೆಯ ತನಕ ಕನ್ನಡ ಶಾಲೆಯಲ್ಲಿ ಕೂರಿಸಿದೆವು ಅಂತ ನೀನು ಎಷ್ಟು ವರ್ಷ ಮುನಿಸಿಕೊಂಡಿದ್ದೆ! ಈಗ ನೋಡು, ಕಾಗದ ಒಯ್ಯುವವನು ಬಿಚ್ಚಿ ನೋಡಿದರೂ ಅವನಿಗೆ ಒಂದಕ್ಷರ ತಿಳಿಯುವುದಿಲ್ಲ.

ನಿನ್ನ ಅಪ್ಪ ಹವಾಮಾನ ಓದುವುದನ್ನು ಬಿಟ್ಟಿದ್ದಾರೆ. ನೀನು ಕೆರಿಬಿಯನ್ನಿಗೆ ಹೋದ ವರ್ಷ ಫೋನಿನಲ್ಲಿ ಆ ಪುಟ ತೆರೆಯುವುದು ಹೇಗೆಂದು ನೀನೇ ಕಲಿಸಿದ್ದೆಯಲ್ಲ. ಅಂದಿನಿಂದ ಒಂದು ದಿನ ತಪ್ಪಿಸಿದವರಲ್ಲ. ಬೆಳಿಗ್ಗೆ ನಲ್ಲಿ ನೀರು ತುಂಬಿಸಿ ಆದ ಮೇಲೆ ಗ್ಯಾಲರಿಯಲ್ಲಿ ಸ್ಟೂಲ್ ಹಾಕಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುವುದು. ನಿನ್ನ ಊರಿನ ಹೆಸರು ನನ್ನ ನಾಲಿಗೆಯಲ್ಲಿ ಇವತ್ತಿಗೂ ಹೊರಳುವುದಿಲ್ಲ, ನಮ್ಮ ಮಾಳಿಗೆಗೆಲ್ಲ ಅದು ಬರೀ ದ್ವೀಪ. ಪಕ್ಕದ ಮನೆಯ ಚಂಪಾ ಕೊಡ ಸೊಂಟಕ್ಕೆ ಇಟ್ಟುಕೊಂಡೇ ನಿಂತು ಕೇಳುವಳು: "ದೇವದಾಸಣ್ಣ, ಇವತ್ತು ದ್ವೀಪದಲ್ಲಿ ಹೇಗುಂಟು?" ಬಿಸಿಲು, ಮಧ್ಯಾಹ್ನ ಒಂದು ಸಣ್ಣ ಮಳೆ, ಪೂರ್ವದ ಗಾಳಿ, ಸಮುದ್ರ ಸಾಧಾರಣ. ದಿನವೂ ಅದೇ. ಅಷ್ಟು ಕೇಳಿಸಿಕೊಂಡರೆ ಅವಳಿಗೆ ಸಮಾಧಾನ. ಅವಳ ವಿಕಾಸ್ ನಿನ್ನ ಹಿಂದೆಯೇ ಅಲ್ಲಿಗೆ ಬಂದವನು, ಒಬ್ಬನೇ ಮಗ, ಗಂಡನೂ ಇಲ್ಲದವಳು. ಮಳೆಗಾಲ ಬಂದ ಮೇಲೆ ನಿನ್ನ ಅಪ್ಪನ ಗತ್ತು ಇನ್ನೂ ಜಾಸ್ತಿ. ಬಿರುಗಾಳಿ ತೋರಿಸುವ ನಕ್ಷೆಯಲ್ಲಿ ಹಳದಿ ಗುರುತು ಬಿದ್ದರೆ ಹೆದರುವಂಥದ್ದಿಲ್ಲ, ಕಿತ್ತಳೆಯಾದರೆ ಕಣ್ಣಿಡಬೇಕು, ಕೆಂಪಾದರೆ ಮಕ್ಕಳಿಗೆ ಫೋನ್ ಮಾಡಬೇಕು. "ಒಂದು ಗಾಳಿ ಆಫ್ರಿಕಾ ಬಿಟ್ಟಿದೆ, ತಲುಪಲಿಕ್ಕೆ ಇನ್ನೂ ದಿನ ಉಂಟು" ಎಂದು, ಮತ್ಸ್ಯಗಂಧಾ ರೈಲು ಮಂಗಳೂರು ಬಿಟ್ಟಿತು ಅನ್ನುವಂತೆ ಹೇಳುತ್ತಿದ್ದರು. ನಾವು ಹೆಂಗಸರು ನಗುತ್ತಿದ್ದೆವು.

ಮಳೆಯ ವಿಷಯದಲ್ಲಿ ಅವರ ಮಾತಿಗೆ ಈ ಕಟ್ಟಡದಲ್ಲಿ ಯಾಕೆ ಅಷ್ಟು ಬೆಲೆ ಅನ್ನುವುದು ನಿನಗೆ ಗೊತ್ತಿದ್ದದ್ದೇ. ಎರಡು ಸಾವಿರದ ಐದರ ಜುಲೈಯಲ್ಲಿ ನೀನು ಶಾಲೆಯಲ್ಲಿದ್ದೆ. ವಿಠ್ಠಲವಾಡಿಯ ಹೋಟೆಲಿಗೆ ಹೊಳೆಯ ನೀರು ನುಗ್ಗಿದಾಗ ಗಲ್ಲೆಯಲ್ಲಿ ದುಡ್ಡು ಎಣಿಸುತ್ತಿದ್ದ ಇವರು ಕೆಲಸದವರು, ಗಿರಾಕಿಗಳು ಎಲ್ಲರನ್ನೂ ಅಟ್ಟಕ್ಕೆ ಹತ್ತಿಸಿದರು. ಹತ್ತಿದವರೆಲ್ಲ ಉಳಿದರು. ಅಡುಗೆಯ ದೇಜಪ್ಪ ಒಬ್ಬ, ಟ್ರಂಕ್ ತರುತ್ತೇನೆಂದು ಕೆಳಗಿಳಿದವನು ಮತ್ತೆ ಸಿಗಲಿಲ್ಲ. ಆಮೇಲಿಂದ ಅವರ ಮಟ್ಟಿಗೆ ಮಳೆ ಅಂದರೆ ಮೇಲೆ ಹೋಗುವುದು, ಅಷ್ಟೇ. ಈ ಸಲ ಆಗಸ್ಟ್ ಕೊನೆಗೆ ಕೋಪರಿಯಲ್ಲಿ ಮೊಣಕಾಲುದ್ದ ನೀರು ನಿಂತಾಗಲೂ ಕೆಳಗಿನ ಮನೆಯವರ ಮಕ್ಕಳುಮರಿ, ಗ್ಯಾಸ್ ಸಿಲಿಂಡರು ಎಲ್ಲ ನಮ್ಮ ಮನೆಗೇ ಬಂದಿದ್ದವು. ನಾನು ಎಲ್ಲರಿಗೂ ಗಂಜಿ ಬೇಯಿಸಿದೆ. ಗಾಳಿ ಅಂದರೆ ನಮಗೇನು ಗೊತ್ತು ಹೇಳು? ಒಣಗಲು ಹಾಕಿದ ಬಟ್ಟೆ ಹಾರುವುದು, ಎಲ್ಲೋ ತಗಡು ಬಡಿಯುವುದು. ನಮ್ಮನ್ನು ಯಾವತ್ತೂ ಕಾಡಿದ್ದು ಕೆಳಗಿನಿಂದ ಬರುವ ನೀರೇ.

ಅದಾಗಿ ವಾರಕ್ಕೆ ನಿನ್ನ ಫೋನ್ ಬಂತು. ಅನಂತ ಚತುರ್ದಶಿಯ ಸಂಜೆ, ಗಣಪತಿಗಳನ್ನು ಖಾಡಿಯ ನೀರಿಗೆ ಕಳಿಸುವ ಢೋಲು ತಾಸೆಯಲ್ಲಿ ಕಿವಿ ಕಿವುಡು. ಕೆಂಪು ಗುರುತು ದ್ವೀಪದ ಮೇಲೇ ಬರುತ್ತಿದೆ, ಸೇಟ್ ಎಲ್ಲರಿಗೂ ಕೆಳಗಿನ ಗೋಡೌನಿಗೆ ಬರಲು ಹೇಳಿದ್ದಾನೆ, ಸಮುದ್ರ ಒಂದು ರಸ್ತೆಯಾಚೆ, ನೀರು ಒಳಗೆ ಬಂದರೆ ಏನು ಗತಿ ಅನ್ನುತ್ತಾನೆ ವಿಕಾಸ್, ಏನು ಮಾಡುವುದು ಪಪ್ಪಾ ಎಂದು ಕೇಳಿದೆ ನೀನು. ನಿನ್ನ ಅಪ್ಪ ಒಂದು ಕಿವಿಗೆ ಬೆರಳು ತುರುಕಿಕೊಂಡು "ಮಿತ್ತ್ ಪೋಲೆ, ಮಿತ್ತ್ ಪೋಲೆ" ಎಂದು ಕೂಗಿದರು. ಮೇಲೆ ಹೋಗಿ, ಇಬ್ಬರೂ ಮೇಲೆ ಹೋಗಿ ಎಂದು. ಕೋಣೆಯಲ್ಲಿದ್ದ ನಮಗ್ಯಾರಿಗೂ ಬೇರೆ ತೋಚಲಿಲ್ಲ. ಮರುದಿನದಿಂದ ನಿನ್ನ ಫೋನಿಲ್ಲ. ವಾರದ ಮೇಲೆ ಯಾರದೋ ಫೋನಿನಿಂದ ನಿನ್ನ ದನಿ ಕೇಳಿದಾಗ ನಾನು ಅತ್ತುಬಿಟ್ಟೆ. ನೀನು ಬದುಕಿದ್ದೀಯ ಅಂತ ಅತ್ತೆ. ಮೇಲಿನ ಕೋಣೆಯ ಮಾಡು ಹಾರಿತು, ನನ್ನ ಕೈ ಮುರಿಯಿತು, ಬಾಗಿಲು ಒತ್ತಿ ಹಿಡಿದಿದ್ದ ವಿಕಾಸ್ ಗೋಡೆಯಡಿಗೆ ಸಿಕ್ಕಿದ ಎಂದು ನೀನು ಹೇಳಿದ್ದು ನನ್ನ ಕಿವಿಗೆ ಹೋದದ್ದು ಆಮೇಲೆ. ಗೋಡೌನಿನಲ್ಲಿದ್ದವರ ಬಟ್ಟೆ ಒದ್ದೆಯಾಯಿತು, ಅಷ್ಟೇ ಅಂದೆ. ನಿನ್ನ ಅಪ್ಪ ಆ ಮಾತನ್ನು ಎರಡು ಸಲ ಕೇಳಿ ತಿಳಿದುಕೊಂಡರು. ಅವರು ದಿನಾ ಓದುತ್ತಿದ್ದ ಆ ಹವಾಮಾನದವರೇ ಇನ್ನೊಂದು ಪುಟದಲ್ಲಿ, ಅಂಥ ಗಾಳಿ ಬಂದಾಗ ಕೆಳಗಿನ ಮಹಡಿಯ ಕಿಟಕಿಯಿಲ್ಲದ ಕೋಣೆ ಸೇರಬೇಕು ಎಂದು ಬರೆದಿದ್ದರಂತೆ. ಆ ಪುಟ ತೆರೆಯಲು ನಮಗೆ ಯಾರೂ ಕಲಿಸಿರಲಿಲ್ಲ.

ಚಂಪಾಳಿಗೆ ಹೆಣವನ್ನೂ ಕಾಣುವ ಯೋಗವಿಲ್ಲದೆ ಹೋಯಿತು. ಅಲ್ಲೇ ದಹನ ಮಾಡಿಸಿ ನೀನು ಕಳಿಸಿದ ಫೋಟೋ ಇಟ್ಟುಕೊಂಡು ಇಲ್ಲಿ ಬೊಜ್ಜದ ಉತ್ತರಕ್ರಿಯೆ ಮಾಡಿದೆವು. ನಮ್ಮ ಕ್ರಮ ನಿನಗೆ ಗೊತ್ತಲ್ಲ, ಹೋದವನನ್ನು ಹಿರಿಯರೊಬ್ಬರು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಒಳಗೆ ಕರೆಯಬೇಕು, ಆಮೇಲೆ ಎಲೆ ಬಡಿಸಬೇಕು. ಅವಳ ಕಡೆ ಗಂಡಸರು ಯಾರೂ ಇಲ್ಲ. ಇವರು ಅವತ್ತು ಫೋನಿನಲ್ಲಿ ಹೇಳಿದ್ದನ್ನು ನಾವು ಅವಳಿಗೆ ತಿಳಿಸಿರಲಿಲ್ಲ. ದೇವದಾಸಣ್ಣನೇ ಕರೆಯಲಿ, ವಿಕ್ಕಿಗೆ ಅವರ ಮಾತೆಂದರೆ ಆಯಿತು ಅಂದಳು. ನಿನ್ನ ಅಪ್ಪ ತೊಳೆದ ಪಂಚೆ ಉಟ್ಟು ಹೊಸ್ತಿಲಿಗೆ ಹೋಗಿ ನಿಂತರು. ಬಾಯಿ ತೆರೆದರು. ದನಿ ಬರಲಿಲ್ಲ ಮಗಾ. ಮತ್ತೆ ತೆರೆದರು, ಇಲ್ಲ. ಬಂದವರೆಲ್ಲ ನೆಲ ನೋಡುತ್ತಿದ್ದರು. ಕೊನೆಗೆ ಒಳಗೆ ಕೂತಿದ್ದ ಚಂಪಾಳೇ, "ವಿಕ್ಕೀ, ಉಲಾಯಿ ಬಲ ಮಗಾ," ಒಳಗೆ ಬಾ ಎಂದು ಕರೆದಳು. ತಾಯಿಯೇ ಕರೆಯುವ ಕ್ರಮವಿಲ್ಲ. ಯಾರೂ ಬೇಡ ಅನ್ನಲಿಲ್ಲ.

ಅಂದಿನಿಂದ ನಿನ್ನ ಅಪ್ಪ ಫೋನನ್ನು ಅಕ್ಕಿ ಡಬ್ಬಿಯ ಮೇಲೆ ಮಗುಚಿ ಇಟ್ಟಿದ್ದಾರೆ. ನಿನ್ನ ಕರೆ ಬಂದರೆ ನನ್ನ ಕಡೆ ತಳ್ಳುತ್ತಾರೆ. ಆದರೆ ಆ ಚಂಪಾ ಇದ್ದಾಳಲ್ಲ, ಬೊಜ್ಜ ಮುಗಿದ ಮರುದಿನದಿಂದಲೇ ಬೆಳಿಗ್ಗೆ ಕೊಡ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. "ಇವತ್ತು ದ್ವೀಪದಲ್ಲಿ ಹೇಗುಂಟು ದೇವದಾಸಣ್ಣ?" ಮೊದಲ ದಿನ ನನಗೆ ಅವಳ ತಲೆ ಕೆಟ್ಟಿತೋ ಅನ್ನಿಸಿ ಕೈ ಹಿಡಿದುಕೊಂಡೆ. "ಯಶ್ವಂತ ಅಲ್ಲೇ ಇದ್ದಾನಲ್ಲ ಅಕ್ಕ," ಅಂದಳು. ನಿನ್ನ ಅಪ್ಪ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದರು. ಈಗ ದಿನವೂ ಹಾಗೆಯೇ. ಅವಳ ಕೊಡದ ಸದ್ದು ಕೇಳಿದರೆ ಸಾಕು ಹೊರಡುತ್ತಾರೆ, ಹೋಗಿ ಸ್ಟೇಷನ್ನಿನ ಹತ್ತನೇ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂರುತ್ತಾರೆ. ಊಟಕ್ಕೆ ನಾನೇ ಹೋಗಿ ಕರೆದುಕೊಂಡು ಬರಬೇಕು. ಈಗಲೂ ಅಲ್ಲೇ ಇದ್ದಾರೆ, ಅದಕ್ಕೇ ಇದನ್ನು ಬರೆಯಲು ಪುರುಸೊತ್ತು ಸಿಕ್ಕಿದ್ದು. ರಮಿತಾ ಒಂದು ದಿನ ಅವರ ಕಾಲ ಬಳಿ ಕೂತು, "ಪಪ್ಪಾ, ತುಮಚೀ ಚೂಕ್ ನಾಹೀ," ನಿಮ್ಮ ತಪ್ಪಲ್ಲ ಅಂದಳು. ಅವರು ಎದ್ದು ಚಪ್ಪಲಿ ಮೆಟ್ಟಿದರು. ತಿಂದ ಅನ್ನ ಮೈಗೆ ಹತ್ತುವುದಿಲ್ಲ, ಅಂಗಿ ಗೂಟಕ್ಕೆ ಹಾಕಿದಂತೆ ನೇತಾಡುತ್ತದೆ. ಹೀಗೇ ಹೋದರೆ ಇವರೂ ನನಗೆ ಉಳಿಯುವುದಿಲ್ಲ.

ಅದಕ್ಕೇ ಒಂದು ಕೇಳುತ್ತೇನೆ, ಅಮ್ಮ ಕೇಳಬಾರದ್ದು ಕೇಳುತ್ತಿದ್ದಾಳೆ ಅಂದುಕೊಂಡರೂ ಸರಿ. ಅಪ್ಪನ ಹತ್ತಿರ ಒಂದು ಸುಳ್ಳು ಹೇಳು. ನಿಮ್ಮ ಫೋನ್ ಇಟ್ಟ ಮೇಲೆ ನಾವು ಸೇಟ್ ಹೇಳಿದ ಹಾಗೆ ಗೋಡೌನಿಗೇ ಇಳಿದಿದ್ದೆವು, ವಿಕಾಸ್ ಪಾಸ್‌ಪೋರ್ಟ್ ತರುತ್ತೇನೆಂದು ಮೇಲೆ ಹೋದ, ನಾನು ಅವನ ಹಿಂದೆ ಹೋದೆ, ಅಷ್ಟರಲ್ಲಿ ಮಾಡು ಹಾರಿತು ಎಂದು ಹೇಳು. ದೇಜಪ್ಪನ ಟ್ರಂಕಿನ ಕಥೆ ಕಂಡವರು, ನಂಬುತ್ತಾರೆ. ಸತ್ತ ಹುಡುಗನ ತಲೆಗೆ ಕಟ್ಟುವುದು ಪಾಪ ಎಂದು ನನಗೆ ಗೊತ್ತಿದೆ. ನಾನು ಹೆತ್ತಿಲ್ಲ ಅನ್ನುವುದು ಬಿಟ್ಟರೆ ಅವನೂ ನನ್ನ ಕೈಯ ಅನ್ನ ತಿಂದು ಬೆಳೆದವನೇ. ಆ ಪಾಪ ನನಗಿರಲಿ. ಇನ್ನೊಂದು ಮಾತು, ಟಿಕೆಟ್ ಸಿಗುವುದಿಲ್ಲ ಎಂದು ನೀನು ಹೇಳುವುದನ್ನು ನಾನು ನಂಬಿಲ್ಲ. ಈ ಮೆಟ್ಟಿಲು ಹತ್ತಿ ಬಂದರೆ ಮೊದಲು ಸಿಗುವುದು ಚಂಪಾಳ ಬಾಗಿಲು. ನಿನಗೆ ಅದೇ ಕಷ್ಟ. ಗೊತ್ತು ಮಗಾ.

ಇನ್ನೇನು ಬರೆಯಲಿ. ದೀಪಾವಳಿಗೆ ಈ ಸಲ ನಮ್ಮ ಮಾಳಿಗೆಯಲ್ಲಿ ಕಂದೀಲು ಹಾಕುವುದಿಲ್ಲ ಎಂದು ಮರಾಠಿಯವರೂ ಸೇರಿ ಎಲ್ಲರೂ ಮಾತಾಡಿಕೊಂಡಿದ್ದಾರೆ. ಸೇಟ್‌ಗೆ ನಮ್ಮ ನಮಸ್ಕಾರ ಹೇಳು. ಕೈ ಜೋಪಾನ. ನಮ್ಮ ಊರಿನ ದೈವಗಳು ಅಷ್ಟು ದೂರದಲ್ಲೂ ನಿನ್ನ ಬೆನ್ನ ಹಿಂದೆ ನಿಲ್ಲಲಿ.

ನಿನ್ನನ್ನು ಕಾಯುತ್ತಿರುವ ಅಮ್ಮ,
ಮೋಹಿನಿ

ತಾ.ಕ.: ಯಶ್ವಂತಾ, ಮೇಲೆ ಬರೆದ ಸುಳ್ಳು ಹೇಳಬೇಡ. ಲಕೋಟೆಗೆ ಅಂಟು ಹಚ್ಚುವಾಗ ಚಂಪಾ ಬಂದಳು. ಗಣಪತಿಗೆ ಮುಂಚೆ ವಿಕಾಸನಿಗೆಂದು ಮಾಡಿಟ್ಟಿದ್ದ ಒಣ ಸಿಗಡಿಯ ಚಟ್ನಿ, ನಿನಗೆ ಕಳಿಸಲು ಬಾಟ್ಲಿಯಲ್ಲಿ ತುಂಬಿ ತಂದಿದ್ದಾಳೆ. ಬಾಟ್ಲಿ ನನ್ನ ಕೈಗೆ ಕೊಟ್ಟು ಹೇಳಿದಳು: "ಅಕ್ಕ, ಅವತ್ತು ಚತುರ್ದಶಿಗೆ ವಿಕ್ಕಿ ನನಗೂ ಫೋನ್ ಮಾಡಿದ್ದ. ದೇವದಾಸಣ್ಣ ಮೇಲೆ ಹೋಗ್ಲಿಕ್ಕೆ ಹೇಳಿದ್ದಾರೆ, ನೀನು ಹೆದರ್ಬೇಡ ಅಂದ. ನಾನು ಹೆದರ್ಲಿಲ್ಲ." ಅಂದರೆ ಮೊದಲ ದಿನದಿಂದ ಅವಳಿಗೆ ಎಲ್ಲ ಗೊತ್ತು. ಬೊಜ್ಜದಲ್ಲಿ ಇವರೇ ಕರೆಯಲಿ ಅಂದಾಗಲೂ ಗೊತ್ತಿತ್ತು. "ಮನಸ್ಸಿನಲ್ಲಿ ಏನೂ ಇಲ್ಲ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ ಅಕ್ಕ. ಆದ್ರೆ ಅವರು ಓದುದು ಬಿಟ್ರೆ ಅಲ್ಲಿ ಇರುವವನಿಗೆ ಹೇಳುವವರು ಯಾರು? ಅದಕ್ಕೇ ದಿನಾ ಬಂದು ಕೇಳುದು," ಅಂದಳು. ನಾಳೆಯೂ ಬರುತ್ತಾಳಂತೆ. ನಾಳೆ ನಾನು ನಿನ್ನ ಅಪ್ಪನ ಚಪ್ಪಲಿ ಬಚ್ಚಿಡುತ್ತೇನೆ. ನೀನು ಇದು ತಲುಪಿದ ಕೂಡಲೇ ಮೊದಲು ಅವಳಿಗೆ ಫೋನ್ ಮಾಡು. ಮತ್ತೆ ಆ ಗುರುತು ಕೆಂಪಾದ ದಿನ ಯಾರನ್ನೂ ಕೇಳುತ್ತಾ ನಿಲ್ಲಬೇಡ, ಕೆಳಗೆ ಹೋಗು. ಈ ಕೊನೆಯ ಮಾತು ಚಂಪಾ ಪಕ್ಕದಲ್ಲಿ ಕೂತು ಬರೆಸಿದ್ದು.